ಮಳೆಗಾಲದಲ್ಲಿ ನೆಟ್ ಹೋದರೆ: ಕರಾವಳಿಯ ಮನೆಗೊಂದು ದೋಷ ನಿವಾರಣೆ ಕೈಪಿಡಿ

ಜೂನ್ ಬಂತೆಂದರೆ ಉಡುಪಿ, ಮಂಗಳೂರು ಕಡೆ ಮನೆಮನೆಯಲ್ಲೂ ಒಂದೇ ಮಾತು: "ನೆಟ್ ಇಲ್ಲ ಮಾರಾಯ್ರೆ." ಆದರೆ ಈ ಒಂದು ಮಾತಿನೊಳಗೆ ಹತ್ತಾರು ಬೇರೆ ಬೇರೆ ದೋಷಗಳು ಅಡಗಿರಬಹುದು. ಅಡಾಪ್ಟರ್ ಸೊರಗಿರಬಹುದು. ತೋಟದ ಮೇಲೆ ಹಾದುಹೋದ ಕೇಬಲಿನ ಮೇಲೆ ತೆಂಗಿನ ಮಡಲು ಬಿದ್ದಿರಬಹುದು. ಲೈನ್ ಚೆನ್ನಾಗಿದ್ದು, ವೈಫೈ ಮಾತ್ರ ಒಳಕೋಣೆಗೆ ತಲುಪದೆ ಇರಬಹುದು. ಇಡೀ ನೆಟ್ ಸರಿಯಿದ್ದು ಒಂದೇ ಆ್ಯಪ್ ಕೈಕೊಟ್ಟಿರಬಹುದು. ಎಲ್ಲಕ್ಕೂ ನಾವು ಮಾಡುವ ಮದ್ದು ಮಾತ್ರ ಒಂದೇ. ರೂಟರ್ ಆಫ್ ಮಾಡಿ ಆನ್ ಮಾಡುವುದು. ಅದಕ್ಕೂ ಬಗ್ಗದಿದ್ದರೆ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡುವುದು.

ಆಫ್ ಮಾಡಿ ಆನ್ ಮಾಡಿ, ತೊಂದರೆ ಇಲ್ಲ. ಪಿನ್ ಮಾತ್ರ ಚುಚ್ಚಬೇಡಿ. ನಿಮ್ಮ ಕಂಪನಿಯವರು ಲೈನ್ ಹಾಕಿದ ದಿನ ರೂಟರಿನೊಳಗೆ ಯೂಸರ್ ನೇಮ್, ಪಾಸ್‌ವರ್ಡ್, ಇನ್ನೂ ಕೆಲವು ಸೆಟ್ಟಿಂಗ್ ತುಂಬಿಸಿರುತ್ತಾರೆ. ರೀಸೆಟ್ ಮಾಡಿದರೆ ಎಷ್ಟೋ ಬಾಕ್ಸುಗಳಲ್ಲಿ ಅದೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಮೂಲ ದೋಷ ತಾನಾಗಿ ಸರಿಯಾದರೂ ನೆಟ್ ಬರುವುದಿಲ್ಲ. ಕಂಪನಿಯ ಹುಡುಗ ಬಂದೇ ಆಗಬೇಕು. ಜೋರು ಮಳೆಯ ವಾರದಲ್ಲಿ ಅವನ ಕೈಯಲ್ಲಿ ಊರಿಡೀ ಕಂಪ್ಲೇಂಟ್ ಇರುತ್ತದೆ.

ಇಷ್ಟು ವಿವರವಾಗಿ ಬರೆಯಲು ಕಾರಣ ಇದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಇರುವುದು ವಯಸ್ಸಾದ ಅಪ್ಪ ಅಮ್ಮ ಮಾತ್ರ. ಮಕ್ಕಳು ಬೆಂಗಳೂರಿನಲ್ಲೋ ಮುಂಬೈಯಲ್ಲೋ ದುಬೈಯಲ್ಲೋ ಇದ್ದಾರೆ. ಸಂಜೆಯ ವಿಡಿಯೋ ಕಾಲ್, ಗೇಟಿನ ಕ್ಯಾಮೆರಾ, ಕರೆಂಟ್ ಬಿಲ್ ಎಲ್ಲವೂ ಈ ಒಂದು ತಂತಿಯ ಮೇಲೆ ನಿಂತಿದೆ. ಅಲ್ಲಿಂದ ಫೋನ್ ಮಾಡಿದ ಮಗನಿಗೆ "ನೆಟ್ ಇಲ್ಲ" ಎಂದರೆ ಏನೂ ಗೊತ್ತಾಗುವುದಿಲ್ಲ. "ಎಲ್‌ಓಎಸ್ ಲೈಟ್ ಕೆಂಪಾಗಿದೆ, ಬೆಳಿಗ್ಗೆಯಿಂದ ಹೀಗೇ ಉಂಟು" ಎಂದರೆ ಅರ್ಧ ಕೆಲಸ ಮುಗಿಯಿತು. ದೋಷ ಎಲ್ಲಿದೆ ಎಂದು ಒಂದೇ ವಾಕ್ಯದಲ್ಲಿ ಹೇಳುವಂತಾಗಬೇಕು. ರಿಪೇರಿ ಆಮೇಲಿನ ಮಾತು.

ಮೊದಲು ಲೈಟುಗಳನ್ನು ಓದಿ

ಫೈಬರ್ ನೆಟ್ ಇರುವ ಮನೆಯಲ್ಲಿ ಗೋಡೆಗೆ ಹೊಡೆದಿರುವ ಬಾಕ್ಸಿನ, ಅಂದರೆ ರೂಟರಿನ, ಮುಂದೆ ಸಾಲಾಗಿ ಲೈಟುಗಳಿರುತ್ತವೆ. ಪವರ್, ಪಾನ್, ಎಲ್‌ಓಎಸ್, ಇಂಟರ್‌ನೆಟ್, ವೈಫೈ. ಬಾಕ್ಸಿನಿಂದ ಬಾಕ್ಸಿಗೆ ಹೆಸರು, ಚಿಹ್ನೆ ಸ್ವಲ್ಪ ಬದಲಾಗುತ್ತದೆ. ಎಲ್ಲ ಸರಿಯಿರುವ ದಿನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಕೆಟ್ಟ ದಿನ ಹೋಲಿಸಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಪವರ್ ಲೈಟೇ ಇಲ್ಲದಿದ್ದರೆ ದೋಷ ಕರೆಂಟಿನ ಕಡೆಯದು. ಎಲ್‌ಓಎಸ್ ಕೆಂಪಾಗಿದ್ದರೆ ಹೊರಗಿನಿಂದ ಬರಬೇಕಾದ ಬೆಳಕು ಬಾಕ್ಸಿಗೆ ಮುಟ್ಟುತ್ತಿಲ್ಲ. ಎಲ್‌ಓಎಸ್ ಆರಿದೆ, ಪಾನ್ ಮಾತ್ರ ಮಿಣುಕುತ್ತಲೇ ಇದೆ ಎಂದರೆ ಬೆಳಕು ಬರುತ್ತಿದೆ, ಆದರೆ ಕಂಪನಿಯ ಕಡೆಯ ಯಂತ್ರದ ಜೊತೆ ಮಾತುಕತೆ ಕುದುರುತ್ತಿಲ್ಲ. ಬೆಳಕು ತೀರಾ ಮಂಕಾಗಿದ್ದರೂ ಹೀಗಾಗುತ್ತದೆ. ಪಾನ್ ಗಟ್ಟಿಯಾಗಿ ಹಸಿರಿದ್ದು ಇಂಟರ್‌ನೆಟ್ ಲೈಟ್ ಆರಿದ್ದರೆ ಅಥವಾ ಕೆಂಪಾಗಿದ್ದರೆ ತಂತಿ ಸರಿ ಇದೆ, ಲಾಗಿನ್ ಆಗಿಲ್ಲ. ಪ್ಲಾನ್ ಮುಗಿದಿದೆಯೇ ಎಂದು ಆಗ ನೋಡಿ. ಎಲ್ಲ ಲೈಟೂ ಸರಿಯಿದ್ದೂ ನೆಟ್ ಇಲ್ಲವೆಂದರೆ ವೈಫೈ ಅಥವಾ ಮೊಬೈಲಿನ ಕಡೆ ತಿರುಗಬೇಕು.

ಎಲ್‌ಓಎಸ್ ಕೆಂಪು: ಮಳೆಗಾಲದ ದೊಡ್ಡ ಕಾಟ

ಫೈಬರ್ ಅಂದರೆ ಕೂದಲಷ್ಟು ತೆಳುವಾದ ಗಾಜಿನ ಎಳೆ. ಮನೆಗಳಿಗೆ ಸಾಮಾನ್ಯವಾಗಿ ಕೊಡುವ ಜಿಪಾನ್ ಎಂಬ ಪದ್ಧತಿಯಲ್ಲಿ ಬರುವ ಮಾಹಿತಿ 1490 ನ್ಯಾನೋಮೀಟರ್ ತರಂಗದಲ್ಲೂ ಹೋಗುವ ಮಾಹಿತಿ 1310ರಲ್ಲೂ ಒಂದೇ ಎಳೆಯೊಳಗೆ ಓಡುತ್ತದೆ. ಎರಡೂ ಕಣ್ಣಿಗೆ ಕಾಣದ ಬೆಳಕು. ಹಾಗಾಗಿ ತುಂಡಾದ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ಬೆಳಕು ಬರುತ್ತಾ ಎಂದು ನೋಡುವುದು ಪ್ರಯೋಜನವಿಲ್ಲದ, ಅಪಾಯದ ಕೆಲಸ. ಮಕ್ಕಳಿಗೂ ಹೇಳಿಡಿ.

ಆ ಬೆಳಕು ಎಷ್ಟು ಗಟ್ಟಿಯಾಗಿ ಮುಟ್ಟುತ್ತಿದೆ ಎಂಬ ಲೆಕ್ಕ ಬಾಕ್ಸಿನೊಳಗೇ ಇರುತ್ತದೆ. ಬ್ರೌಸರಿನಲ್ಲಿ 192.168.1.1 ಎಂದು ಹೊಡೆದರೆ ಹೆಚ್ಚಿನ ಬಾಕ್ಸುಗಳ ಪುಟ ತೆರೆಯುತ್ತದೆ. ಕೆಲವಕ್ಕೆ 192.168.0.1. ಬಾಕ್ಸಿನ ಅಡಿಯ ಸ್ಟಿಕ್ಕರ್‌ನಲ್ಲಿ ವಿಳಾಸ, ಪಾಸ್‌ವರ್ಡ್ ಬರೆದಿರುತ್ತದೆ. ಅಲ್ಲಿ ಸ್ಟೇಟಸ್ ವಿಭಾಗದಲ್ಲಿ ಆಪ್ಟಿಕಲ್ ಅಥವಾ ಪಾನ್ ಎಂಬ ಕಡೆ ಆರ್‌ಎಕ್ಸ್ ಪವರ್ ಎಂದು ಒಂದು ಸಂಖ್ಯೆ ಇರುತ್ತದೆ. ಅದು ಬೆಳಕಿನ ಬಲ ಹೇಳುವ ಡಿಬಿಎಂ ಅಳತೆಯಲ್ಲಿ, ಮೈನಸ್ ಚಿಹ್ನೆಯ ಜೊತೆ ಇರುತ್ತದೆ. ಮೈನಸ್ ಮುಂದಿನ ಅಂಕೆ ದೊಡ್ಡದಾದಷ್ಟೂ ಬೆಳಕು ಮಂಕು. ಮೈನಸ್ 8ರಿಂದ ಮೈನಸ್ 27ರ ಒಳಗೆ ಇದ್ದರೆ ಸಾಮಾನ್ಯ ಬಾಕ್ಸುಗಳು ಕೆಲಸ ಮಾಡುತ್ತವೆ. ಮೈನಸ್ 25 ದಾಟಿದರೆ ಲೈನ್ ದಡದ ಮೇಲೆ ನಿಂತಿದೆ ಎಂದೇ ಲೆಕ್ಕ. ಅಂಥ ಲೈನ್ ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ, ಮೊದಲ ಜೋರು ಮಳೆಗೆ ಬಿದ್ದುಹೋಗುತ್ತದೆ.

ಈ ಸಂಖ್ಯೆಯನ್ನು ಒಣ ದಿನದಲ್ಲಿ ನೋಡಿ, ತಾರೀಕಿನ ಸಮೇತ ಒಂದು ಚೀಟಿಯಲ್ಲಿ ಬರೆದು ಬಾಕ್ಸಿನ ಪಕ್ಕ ಅಂಟಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೂರು ಡಿಬಿ ಕಡಿಮೆಯಾದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ. ಮೇ ತಿಂಗಳಲ್ಲಿ ಮೈನಸ್ 19 ಇದ್ದದ್ದು ಜುಲೈಯಲ್ಲಿ ಮೈನಸ್ 25 ಆಗಿದ್ದರೆ, ಕಾಲು ಭಾಗ ಬೆಳಕು ಮಾತ್ರ ಉಳಿದಿದೆ ಎಂದರ್ಥ. ಎಲ್ಲೋ ಜೋಡಣೆಯ ಪೆಟ್ಟಿಗೆಗೆ ನೀರು ಇಳಿದಿದೆ, ಅಥವಾ ಕೇಬಲ್ ಎಲ್ಲೋ ಮಡಚಿದೆ. "ನೆಟ್ ಸ್ಲೋ" ಎಂದರೆ ಕಂಪನಿಯವರು ಪ್ಲಾನ್ ಬದಲಿಸಲು ಹೇಳಬಹುದು. "ಆರ್‌ಎಕ್ಸ್ ಪವರ್ 19ರಿಂದ 25ಕ್ಕೆ ಇಳಿದಿದೆ" ಎಂದರೆ ಹಾಗೆ ಹೇಳಲು ಆಗುವುದಿಲ್ಲ.

ಇನ್ನು ಮನೆಯೊಳಗೆ ನೀವೇ ನೋಡಬಹುದಾದ ಜಾಗಗಳು. ಕೇಬಲ್ ಎಲ್ಲಾದರೂ ಬಾಗಿಲ ಸಂದಿಯಲ್ಲಿ ಸಿಕ್ಕಿದೆಯಾ? ಕಪಾಟಿನ ಹಿಂದೆ ಒತ್ತಿಕೊಂಡಿದೆಯಾ? ಉಳಿದ ಕೇಬಲನ್ನು ಚೆಂದ ಕಾಣಲಿ ಎಂದು ಯಾರೋ ಸಣ್ಣ ಸುರುಳಿ ಸುತ್ತಿ ಬಿಗಿದು ಕಟ್ಟಿದ್ದಾರಾ? ಹಳೆಯ ಬಗೆಯ ಫೈಬರಿಗೆ ತಿರುವಿನ ತ್ರಿಜ್ಯ 30 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಹೊಸ ಬಗೆಯದು 10 ಮಿಲಿಮೀಟರ್ ತನಕ ತಡೆಯುತ್ತದೆ. ನಿಮ್ಮದು ಯಾವ ಬಗೆ ಎಂದು ತಲೆ ಕೆಡಿಸಿಕೊಳ್ಳುವ ಬದಲು ತಿಂಡಿ ಬಟ್ಟಲಿನಷ್ಟು ಅಗಲದ ಸುರುಳಿ ಬಿಡಿ, ಸಾಕು. ಹಂಚಿನ ಮನೆಯಾದರೆ ಅಟ್ಟ ಹತ್ತಿ ನೋಡಿ. ಮಳೆಗಾಲದಲ್ಲಿ ಇಲಿಗಳು ಒಳಗೆ ಬರುತ್ತವೆ, ಕೇಬಲಿನ ಹೊರ ಸಿಪ್ಪೆ ಕಡಿಯುತ್ತವೆ. ಅಡಕೆ ತೋಟ ಇದ್ದಲ್ಲಿ ಅಳಿಲಿನ ಕಾಟವೂ ಉಂಟು.

ಬಾಕ್ಸಿಗೆ ಸಿಕ್ಕಿಸುವ ಹಸಿರು ತುದಿಯನ್ನು ಸುಮ್ನೆ ಬಿಚ್ಚಿ ಬಿಚ್ಚಿ ಹಾಕಬೇಡಿ. ಅದರೊಳಗಿನ ಗಾಜಿನ ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ಒಂದು ಧೂಳಿನ ಕಣ ಸಾಕು ಬೆಳಕು ತಡೆಯಲು. ಬಟ್ಟೆಯಿಂದ ಒರೆಸುವುದು, ಬಾಯಿಂದ ಊದುವುದು ಎರಡೂ ಕೆಟ್ಟದ್ದು. ಸಡಿಲವಾಗಿದೆ ಅನಿಸಿದರೆ ಟಕ್ ಎನ್ನುವ ತನಕ ಮೆಲ್ಲಗೆ ಒತ್ತಿ, ಅಷ್ಟೇ.

ಮನೆಯ ಹೊರಗೆ ನಿಮ್ಮ ಕೆಲಸ ಬರೀ ನೋಡುವುದು. ದಯವಿಟ್ಟು ಇದನ್ನು ಮರೆಯಬೇಡಿ. ನಮ್ಮಲ್ಲಿ ನೆಟ್ ಕೇಬಲ್ ಹೋಗುವುದು ಹೆಚ್ಚಾಗಿ ಕರೆಂಟ್ ಕಂಬಗಳ ಮೇಲೆಯೇ. ಗಾಜಿನ ಎಳೆಗೆ ಕರೆಂಟ್ ಹರಿಯುವುದಿಲ್ಲ ನಿಜ. ಆದರೆ ಕೇಬಲಿಗೆ ಬಲ ಕೊಡಲು ಜೊತೆಗೆ ಉಕ್ಕಿನ ತಂತಿ ಇರುತ್ತದಲ್ಲ, ಅದರಲ್ಲಿ ಹರಿಯುತ್ತದೆ. ಗಾಳಿಗೆ ಮರ ಬಿದ್ದು ಎರಡೂ ತಂತಿ ಒಂದರ ಮೇಲೊಂದು ಬಿದ್ದಿದ್ದರೆ, ಒದ್ದೆ ಅಂಗಳದಲ್ಲಿ ಜೋತಾಡುವ ಆ ಕೇಬಲನ್ನು ಎತ್ತಿ ಬದಿಗೆ ಹಾಕಲು ಹೋಗುವುದು ಜೀವಕ್ಕೆ ಅಪಾಯ. ದೋಟಿಯಿಂದಲೂ ಮುಟ್ಟಬೇಡಿ. ಕರೆಂಟ್ ಕಂಪನಿ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ, ದನ, ನಾಯಿ, ಮಕ್ಕಳು ಹತ್ತಿರ ಹೋಗದಂತೆ ನೋಡಿಕೊಳ್ಳಿ. ನೆಟ್ ಎರಡು ದಿನ ಇಲ್ಲದಿದ್ದರೆ ಪರವಾಗಿಲ್ಲ.

ಎಲ್‌ಓಎಸ್ ಕೆಂಪಾಗಲು ಇನ್ನೊಂದು ಕಾರಣವಿದೆ, ಹೆಚ್ಚಿನವರಿಗೆ ಇದು ಹೊಳೆಯುವುದಿಲ್ಲ. ನಿಮ್ಮ ಮನೆಯಲ್ಲಿ ಇನ್‌ವರ್ಟರ್ ಇದೆ, ರೂಟರ್ ಉರಿಯುತ್ತಲೇ ಇದೆ. ಊರಲ್ಲಿ ಕರೆಂಟ್ ಹೋಗಿ ಎರಡು ಮೂರು ಗಂಟೆಯಾದ ಮೇಲೆ ಕೆಂಪು ಲೈಟ್ ಬರುತ್ತದೆ. ಕರೆಂಟ್ ಬಂದ ಸ್ವಲ್ಪ ಹೊತ್ತಿಗೆ ತಾನೇ ಹೋಗುತ್ತದೆ. ಇದು ಕೇಬಲಿನ ದೋಷವೇ ಅಲ್ಲ. ನಿಮ್ಮ ಬಡಾವಣೆಗೆ ಬೆಳಕು ಕಳಿಸುವ ಯಂತ್ರ ಎಲ್ಲೋ ಒಂದು ಕಡೆ ಬ್ಯಾಟರಿಯ ಮೇಲೆ ಓಡುತ್ತಿರುತ್ತದೆ. ಆ ಬ್ಯಾಟರಿ ಖಾಲಿಯಾದರೆ ಯಂತ್ರ ಮಲಗುತ್ತದೆ. ದಾರಿಯಲ್ಲಿ ಬೆಳಕು ಹಂಚುವ ಪೆಟ್ಟಿಗೆಗಳಿಗೆ ಕರೆಂಟೇ ಬೇಡ, ಹಾಗಾಗಿ ಅವುಗಳ ತಪ್ಪಲ್ಲ. ನೆರೆಮನೆಯಲ್ಲಿ ಅದೇ ಕಂಪನಿಯ ಲೈನ್ ಇದ್ದರೆ ಕೇಳಿ. ಅವರಲ್ಲೂ ಅದೇ ಹೊತ್ತಿಗೆ ಕೆಂಪಾಗಿದ್ದರೆ ಖಚಿತ. ನಿಮ್ಮೊಬ್ಬರದೇ ಆದರೆ ಕಂಬದಿಂದ ಮನೆಯವರೆಗಿನ ತುಂಡಿನ ಮೇಲೆ ಸಂಶಯ ಪಡಿ.

ಅಡಾಪ್ಟರ್, ಇನ್‌ವರ್ಟರ್, ಸಿಡಿಲು

ರೂಟರ್ ಆಗಾಗ ತಾನೇ ಆಫ್ ಆಗಿ ಆನ್ ಆಗುತ್ತಿದೆಯಾ? ಎಲ್ಲರೂ ಒಟ್ಟಿಗೆ ನೆಟ್ ಬಳಸುವ ಸಂಜೆಯ ಹೊತ್ತು ಇದು ಜಾಸ್ತಿಯಾ? ಮೊದಲು ಅಡಾಪ್ಟರನ್ನು ಹಿಡಿಯಿರಿ. ಅದರೊಳಗಿನ ಕೆಪಾಸಿಟರ್ ವರ್ಷ ಕಳೆದಂತೆ ಸೊರಗುತ್ತದೆ. ಲೈಟ್ ಹೊತ್ತಿಸುವಷ್ಟು ಶಕ್ತಿ ಕೊಡುತ್ತದೆ, ಕೆಲಸ ಜಾಸ್ತಿಯಾದಾಗ ವೋಲ್ಟೇಜ್ ಕುಸಿಯುತ್ತದೆ. ಹೊಸದು ತರುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು. 12 ವೋಲ್ಟಿನದಕ್ಕೆ 12 ವೋಲ್ಟೇ. ಆಂಪಿಯರ್ ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇರಬಹುದು, ಕಡಿಮೆ ಇರಬಾರದು. ಪಿನ್ನಿನ ಗಾತ್ರವನ್ನೂ ಪ್ಲಸ್ ಮೈನಸ್ ಗುರುತನ್ನೂ ತಾಳೆ ನೋಡಿ. ಹಳೆಯದನ್ನು ಅಂಗಡಿಗೇ ಹಿಡಿದುಕೊಂಡು ಹೋಗುವುದು ಒಳ್ಳೆಯದು.

ಮಲ್ಪೆ, ಕಾಪು, ಸುರತ್ಕಲ್, ಉಳ್ಳಾಲದಂಥ ಕಡಲ ಬದಿಯಲ್ಲಿ ಉಪ್ಪು ಗಾಳಿಯ ಕಾಟ ಬೇರೆ. ಪ್ಲಗ್ಗಿನ ಹಿತ್ತಾಳೆ ಪಿನ್ನಿನ ಮೇಲೆ ಹಸಿರು ಕಿಲುಬು ಕೂತಿದ್ದರೆ ಸ್ವಿಚ್ ಆಫ್ ಮಾಡಿ, ಪ್ಲಗ್ ಪೂರ್ತಿ ಕಿತ್ತು, ಒಣ ಬಟ್ಟೆಯಿಂದ ಉಜ್ಜಿ. ರೂಟರಿನಿಂದ ಕಂಪ್ಯೂಟರ್, ಟಿವಿಗೆ ಹೋಗುವ ಲ್ಯಾನ್ ಕೇಬಲಿನ ತುದಿಗೂ ಇದೇ ಗತಿ. ಅದರಲ್ಲಿ ಎಂಟು ಎಳೆ ಇವೆ. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ಒಂದು ಎಳೆಯ ಸಂಪರ್ಕ ಕೆಟ್ಟರೂ ಸಂಪರ್ಕ ಕಡಿಯದೆ 100 ಎಂಬಿಪಿಎಸ್‌ಗೆ ಇಳಿಯಬಹುದು. 200ರ ಪ್ಲಾನಿಗೆ ದುಡ್ಡು ಕೊಟ್ಟು, ಕೇಬಲ್ ಹಾಕಿದ ಕಂಪ್ಯೂಟರಿನಲ್ಲಿ ಯಾವಾಗ ನೋಡಿದರೂ 95ರ ಆಸುಪಾಸಿನಲ್ಲೇ ನಿಲ್ಲುತ್ತದೆ ಅಂತಾದರೆ, ಕಂಪನಿಯನ್ನು ಬೈಯುವ ಮೊದಲು ಕೇಬಲ್ ಬದಲಿಸಿ ನೋಡಿ. ರೂಟರಿನ ಪೋರ್ಟೇ 100ರದ್ದಾಗಿದ್ದರೂ ಹೀಗೇ ಆಗುತ್ತದೆ.

ಕರೆಂಟ್ ಕಣ್ಣು ಮಿಟುಕಿಸಿದಷ್ಟು ಹೊತ್ತು ಹೋಗಿ ಬಂದರೂ ರೂಟರ್ ಹೊಸದಾಗಿ ಏಳಬೇಕು. ಅದಕ್ಕೆ ಎರಡು ಮೂರು ನಿಮಿಷ ಬೇಕು. ಇನ್‌ವರ್ಟರ್ ಇದ್ದೂ ಹೀಗಾಗುತ್ತಿದ್ದರೆ ಅದರಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡಿ. ಆ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವುದು ಬೇಗ. ಇಲ್ಲವಾದರೆ ರೂಟರಿಗೆಂದೇ ಸಿಗುವ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕಿ. ಆಟಿ ತಿಂಗಳಿನ ಮಳೆಗೆ ಅದಕ್ಕಿಂತ ಉಪಯೋಗದ ಖರ್ಚು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಿಡಿಲಿನ ಮಾತು ಬೇರೆ. ನಮ್ಮಲ್ಲಿ ಅದು ಮಳೆಗಾಲದ ನಡುವಿಗಿಂತ ಎಪ್ರಿಲ್, ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಜಾಸ್ತಿ. ಗುಡುಗು ಕೇಳಲು ಶುರುವಾದಾಗಲೇ ಅಡಾಪ್ಟರ್ ಪ್ಲಗ್ ಕೀಳಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಟಿವಿ, ಕ್ಯಾಮೆರಾ, ಕಂಪ್ಯೂಟರಿಗೆ ಹೋಗುವ ಲ್ಯಾನ್ ಕೇಬಲುಗಳನ್ನೂ ಆಗಲೇ ತೆಗೆಯಿರಿ. ಅಂಗಳದ ಕ್ಯಾಮೆರಾಕ್ಕೆ ಹೋದ ಉದ್ದ ತಾಮ್ರದ ತಂತಿ ಸಿಡಿಲಿನ ವೋಲ್ಟೇಜನ್ನು ನೇರ ರೂಟರಿಗೆ ತರುತ್ತದೆ. ಸಿಡಿಲು ತಲೆಯ ಮೇಲೆ ಬಂದ ಮೇಲೆ ಮಾತ್ರ ತಂತಿ ಮುಟ್ಟಲು ಹೋಗಬೇಡಿ. ಸರ್ಜ್ ಪ್ರೊಟೆಕ್ಟರ್ ಹಾಕಿದ್ದೇವೆ ಎಂದು ನಿಶ್ಚಿಂತೆಯಿಂದ ಇರಬೇಡಿ. ಅರ್ತಿಂಗ್ ಸರಿ ಇಲ್ಲದಿದ್ದರೆ ಅದು ಪೂರ್ತಿ ಕೆಲಸ ಮಾಡುವುದಿಲ್ಲ. ಬೇಸಿಗೆಯಲ್ಲಿ ಒಣಗಿದ ಕೆಂಪುಕಲ್ಲಿನ ಗುಡ್ಡೆಯ ಮೇಲೆ ಒಳ್ಳೆಯ ಅರ್ತಿಂಗ್ ಸಿಗುವುದು ಕಷ್ಟ. ಸಿಡಿಲಿನ ಮರುದಿನ ವೈಫೈ ಬರುತ್ತದೆ, ಒಂದೆರಡು ಲ್ಯಾನ್ ಪೋರ್ಟ್ ಮಾತ್ರ ಸತ್ತಿವೆ ಎಂದರೆ ಕಾರಣ ತಂತಿಯಲ್ಲಿ ಬಂದ ಆ ಸಿಡಿಲಿನ ವೋಲ್ಟೇಜೇ. ಉಳಿದ ಪೋರ್ಟಿಗೆ ಕೇಬಲ್ ಬದಲಿಸಿ ನೋಡಿ.

ಲೈಟೆಲ್ಲ ಹಸಿರು, ಆದರೂ ಒಳಕೋಣೆಯಲ್ಲಿ ನೆಟ್ ಇಲ್ಲ

ಮೊಬೈಲ್ ಹಿಡಿದು ರೂಟರಿನ ಪಕ್ಕದಲ್ಲಿ ನಿಲ್ಲಿ. ಅಲ್ಲಿ ವೇಗ ಸರಿ ಬಂದು ಕೋಣೆಯೊಳಗೆ ಬರದಿದ್ದರೆ ಲೈನಿನ ತಪ್ಪಲ್ಲ, ಗೋಡೆಯದ್ದು. ನಮ್ಮ ಹಳೆ ಮನೆಗಳ ಕೆಂಪುಕಲ್ಲಿನ ಗೋಡೆ ದಪ್ಪ. ಅದರಲ್ಲಿ ತೂತುಗಳೂ ಜಾಸ್ತಿ, ಹಾಗಾಗಿ ಮಳೆಗಾಲದಲ್ಲಿ ನೀರು ಹೀರಿಕೊಳ್ಳುತ್ತದೆ. ನೀರು ವೈಫೈ ತರಂಗವನ್ನು ನುಂಗುತ್ತದೆ. ಬೇಸಿಗೆಯಲ್ಲಿ ಹೇಗೋ ತಲುಪುತ್ತಿದ್ದ ಕೋಣೆಗೆ ಆಗ ತಲುಪದೆ ಹೋಗಬಹುದು.

ರೂಟರಿನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ವೈಫೈ ಇರುತ್ತದೆ. 5ರದ್ದು ವೇಗ, ಆದರೆ ಗೋಡೆ ದಾಟಲು ಸೋಲುತ್ತದೆ. 2.4ರದ್ದು ನಿಧಾನ, ಆದರೆ ದೂರ ಹೋಗುತ್ತದೆ. ಚಾವಡಿಯಲ್ಲಿ 5ಕ್ಕೂ ಒಳಕೋಣೆಯಲ್ಲಿ 2.4ಕ್ಕೂ ಜೋಡಿಸಿ ನೋಡಿ. ಕದ್ರಿ, ಬಿಜೈ, ಮಣಿಪಾಲದ ಫ್ಲ್ಯಾಟುಗಳಲ್ಲಿ ತೊಂದರೆ ಇನ್ನೊಂದು ಥರದ್ದು. ಅಕ್ಕಪಕ್ಕದ ಹತ್ತಾರು ರೂಟರುಗಳು 2.4ರ ಒಂದೇ ಚಾನೆಲ್ ಮೇಲೆ ಕಿತ್ತಾಡುತ್ತವೆ. ಅಲ್ಲಿ 5ನ್ನೇ ಬಳಸಿ, 2.4 ಬೇಕೇ ಬೇಕಾದರೆ 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸಿ. ಆ ಮೂರು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ.

ರೂಟರನ್ನು ಕಬ್ಬಿಣದ ಕಪಾಟಿನ ಮೇಲೆ, ಫ್ರಿಜ್ಜಿನ ಹಿಂದೆ, ಟಿವಿಯ ಹಿಂದೆ ಇಡಬೇಡಿ. ಆನ್‌ಲೈನಿನಲ್ಲಿ ಮಾರುವ ವೈಫೈ ಹಿಡಿದು ಮುಂದೆ ಕಳಿಸುವ ಅಗ್ಗದ ರಿಪೀಟರ್ ಕೊಳ್ಳುವ ಮೊದಲು ಒಮ್ಮೆ ಯೋಚಿಸಿ. ಅದು ಒಂದೇ ರೇಡಿಯೋದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳಬೇಕು. ವೇಗ ಸುಮಾರು ಅರ್ಧ ಅಲ್ಲೇ ಹೋಗುತ್ತದೆ. ಒಂದು ಲ್ಯಾನ್ ಕೇಬಲ್ ಎಳೆದು ಒಳಗೆ ಎರಡನೇ ರೂಟರ್ ಇಡುವುದು ಎಷ್ಟೋ ಮೇಲು. ಕೇಬಲ್ 100 ಮೀಟರ್ ತನಕ ಹೋಗುತ್ತದೆ, ದೊಡ್ಡ ಗುತ್ತಿನ ಮನೆಗೂ ಸಾಕು.

ಒಂದೇ ಆ್ಯಪ್ ತೆರೆಯದಿದ್ದರೆ

ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಅದೇ ಆ್ಯಪ್ ತೆರೆಯಿರಿ. ಅಲ್ಲೂ ಇಲ್ಲವೆಂದರೆ ಹೆಚ್ಚಾಗಿ ಆ ಸೇವೆಯದ್ದೇ ತೊಂದರೆ, ಕಾಯಿರಿ. ಡೇಟಾದಲ್ಲಿ ಬಂದು ವೈಫೈಯಲ್ಲಿ ಬರದಿದ್ದರೆ ಡಿಎನ್‌ಎಸ್, ಅಂದರೆ ಜಾಲತಾಣದ ಹೆಸರಿಗೆ ಅಂಕೆಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ, ನೋಡಬೇಕು. ಕಂಪ್ಯೂಟರಿನಲ್ಲಿ ಆ ಕಡೆಯಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಪಿಂಗ್ ಆಜ್ಞೆ ಕೊಟ್ಟು ಮೊದಲು 192.168.1.1 (ಅಥವಾ ನಿಮ್ಮ ಬಾಕ್ಸಿನ ಸ್ಟಿಕ್ಕರಿನ ವಿಳಾಸ), ಆಮೇಲೆ 8.8.8.8, ಕೊನೆಗೆ ಯಾವುದಾದರೂ ಜಾಲತಾಣದ ಹೆಸರು ಕೊಡಿ. ಮೊದಲನೆಯದು ಉತ್ತರಿಸದಿದ್ದರೆ ದೋಷ ಮನೆಯೊಳಗೆ. ಎರಡನೆಯದು ಉತ್ತರಿಸದಿದ್ದರೆ ಹೊರಗೆ. ಎರಡೂ ಉತ್ತರಿಸಿ ಹೆಸರಿಗೆ ಮಾತ್ರ ವಿಳಾಸ ಸಿಗದಿದ್ದರೆ ಡಿಎನ್‌ಎಸ್ ದೋಷ. ರೂಟರಿನಲ್ಲಿ ಡಿಎನ್‌ಎಸ್ ವಿಳಾಸವನ್ನು 8.8.8.8 ಅಥವಾ 1.1.1.1 ಎಂದು ಬದಲಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಮೊಬೈಲಿನ ತಾರೀಕು, ಸಮಯ ತಪ್ಪಿದ್ದರೂ ಬ್ಯಾಂಕ್ ಆ್ಯಪ್ ತೆರೆಯುವುದಿಲ್ಲ, ಅದನ್ನೂ ನೋಡಿ.

ಓಟಿಪಿ ಬರಲಿಲ್ಲ ಎಂದು ರೂಟರ್ ಆಫ್ ಮಾಡುವವರಿದ್ದಾರೆ. ಎಸ್‌ಎಂಎಸ್‌ನಲ್ಲಿ ಬರುವ ಓಟಿಪಿಗೂ ಮನೆಯ ಫೈಬರಿಗೂ ಸಾಮಾನ್ಯವಾಗಿ ಸಂಬಂಧವಿಲ್ಲ. ಸಿಮ್ಮಿನ ಸಿಗ್ನಲ್ ಬೇಕು, ಅಂಗಳಕ್ಕೆ ಬನ್ನಿ. ಇನ್ನು ನೆಟ್ ಹೋಗುವ ಹೊತ್ತಿಗೆ ಯುಪಿಐಯಲ್ಲಿ ದುಡ್ಡು ಕಡಿತವಾಗಿ ಅಂಗಡಿಗೆ ಮುಟ್ಟದಿದ್ದರೆ ಗಾಬರಿಯಿಂದ ಎರಡನೇ ಸಲ ಕಳಿಸಬೇಡಿ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯ ಪ್ರಕಾರ ಅಂಗಡಿಗೆ ಕೊಟ್ಟ ಇಂಥ ಹಣ ವ್ಯವಹಾರದ ದಿನದ ನಂತರ 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಉಂಟು.

ಕಂಪ್ಲೇಂಟ್ ಕೊಡುವಾಗ

ಫೋನ್ ಮಾಡುವಾಗ ಹೇಳಬೇಕಾದದ್ದು ಇಷ್ಟೇ: ಯಾವ ಲೈಟ್ ಯಾವ ಬಣ್ಣ, ಯಾವಾಗಿನಿಂದ, ಆರ್‌ಎಕ್ಸ್ ಪವರ್ ಎಷ್ಟು, ನೆರೆಮನೆಯಲ್ಲಿ ಹೇಗೆ. ವೇಗದ ತಕರಾರಾದರೆ ಕೇಬಲ್ ಹಾಕಿದ ಕಂಪ್ಯೂಟರಿನಲ್ಲಿ ಅಳೆದ ಲೆಕ್ಕವನ್ನೇ ಕೊಡಿ, ವೈಫೈಯದ್ದನ್ನು ಅವರು ಒಪ್ಪುವುದಿಲ್ಲ. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮಾತ್ರ ನಿಧಾನವಾಗುತ್ತಿದ್ದರೆ ಅದನ್ನು ಬಿಡಿಸಿ ಹೇಳಿ. ಅದು ಅವರ ಕಡೆಯ ದಟ್ಟಣೆಯ ಲಕ್ಷಣ, ನಿಮ್ಮ ಮನೆಯದ್ದಲ್ಲ.

ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಕೇಳಿ ಬರೆದುಕೊಳ್ಳಿ. ಗೊತ್ತಿರುವ ಹುಡುಗನಿಗೆ ನೇರ ಫೋನ್ ಮಾಡುವುದು ನಮ್ಮ ಊರಿನ ಅಭ್ಯಾಸ, ಅದರಿಂದ ಕೆಲಸವೂ ಬೇಗ ಆಗುತ್ತದೆ. ಆದರೆ ನಂಬರ್ ಇಲ್ಲದಿದ್ದರೆ ದೂರು ದಾಖಲಾಗಿಯೇ ಇಲ್ಲ. ಟೆಲಿಕಾಂ ಕಂಪನಿಗಳ ನಿಯಂತ್ರಕ ಟ್ರಾಯ್ 2012ರಲ್ಲಿ ಮಾಡಿದ ನಿಯಮದಂತೆ ಕಂಪನಿಯ ದೂರು ಕೇಂದ್ರದಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು. ಅಲ್ಲಿ ಮೊದಲು ಬೇಕಾಗುವುದು ಆ ನಂಬರ್. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ಬಗೆಹರಿಸುವುದಿಲ್ಲ.

ರಿಪೇರಿಯವರು ಬಂದು ಮುಗಿಸಿದ ಮೇಲೆ ನೆಟ್ ಬಂತೆಂದು ಕೂಡಲೇ ಕಳಿಸಿಬಿಡಬೇಡಿ. ಅವರು ಮಳೆಯಲ್ಲಿ ನೆನೆದು ಬಂದಿರುತ್ತಾರೆ, ಕುಡಿಯಲು ಏನಾದರೂ ಕೊಟ್ಟು, ಅವರ ಎದುರೇ ಆರ್‌ಎಕ್ಸ್ ಪವರ್ ನೋಡಿ. ಮೊದಲಿನ ಮೈನಸ್ 19ರ ಹತ್ತಿರ ಬಂದಿದ್ದರೆ ಸರಿ. 24, 25ರಲ್ಲೇ ನಿಂತಿದ್ದರೆ ಜೋಡಣೆ ಇನ್ನೊಮ್ಮೆ ಮಾಡಲು ಹೇಳಿ. ಬಾಕ್ಸನ್ನೇ ಬದಲಿಸಿದ್ದರೆ ವೈಫೈ ಹೆಸರು, ಪಾಸ್‌ವರ್ಡ್ ಹಳೆಯದ್ದೇ ಇಡಿಸಿ. ಇಲ್ಲದಿದ್ದರೆ ಟಿವಿ, ಗೇಟಿನ ಕ್ಯಾಮೆರಾ, ಅಮ್ಮನ ಫೋನ್ ಎಲ್ಲವನ್ನೂ ಮತ್ತೆ ಒಂದೊಂದಾಗಿ ಜೋಡಿಸಬೇಕಾಗುತ್ತದೆ.